ಜಸ್ಟಸ್ ವಾನ್ ಲೀಬಿಗ್ (1803–1873): ಬೆಳೆಯ ಆಹಾರದ ಲೆಕ್ಕ ಬರೆದ ರಸಾಯನ ವಿಜ್ಞಾನಿ

ಮುಸುಕಿನ ಜೋಳದ ಬೆಳೆಗೆ ಸಾರಜನಕ ಒದಗಿಸುವ ಯೂರಿಯಾದ ಜೊತೆಗೆ ಸತುವಿನ ಸಲ್ಫೇಟನ್ನು, ಕೊರತೆ ಇರುವ ಕಡೆ ಬೋರಾಕ್ಸನ್ನು ಸಹ ನೀಡಬೇಕೆಂದು ಶಿಫಾರಸು ಮಾಡಲಾಗುತ್ತದೆ. ಹೆಕ್ಟೇರ್‌ಗೆ ಕೆಲವೇ ಕಿಲೋಗ್ರಾಂ ಬೇಕಾಗುವ ಈ ಲವಣಗಳು, ಚೀಲಗಟ್ಟಲೆ ಹಾಕುವ ಯೂರಿಯಾದ ಫಲವನ್ನು ನಿರ್ಧರಿಸುತ್ತವೆ ಎಂಬುದು ಅನೇಕ ರೈತ ಬಾಂಧವರಿಗೆ ಮೊದಲಿಗೆ ನಂಬಲು ಕಷ್ಟವಾದ ಮಾತು. ಈ ಮಾತಿಗೆ ಆಧಾರವಾದ ತತ್ತ್ವವನ್ನು ಜಗತ್ತಿನಾದ್ಯಂತ ಪ್ರಚಾರಕ್ಕೆ ತಂದವರು ಜರ್ಮನಿಯ ರಸಾಯನ ವಿಜ್ಞಾನಿ ಜಸ್ಟಸ್ ವಾನ್ ಲೀಬಿಗ್‌ರವರು. ಅದೇ ಲೀಬಿಗ್‌ರವರು ಸಾರಜನಕದ ವಿಷಯದಲ್ಲಿ ತಮ್ಮ ಜೀವನದ ಅತಿ ದೊಡ್ಡ ತಪ್ಪನ್ನೂ ಮಾಡಿದರು. ಅವರ ಸಾಧನೆಯಷ್ಟೇ ಅವರ ತಪ್ಪೂ ಇಂದಿನ ಕೃಷಿಕರಿಗೆ ಉಪಯುಕ್ತವಾಗಿರುವುದರಿಂದ ಎರಡನ್ನೂ ಇಲ್ಲಿ ನೀಡಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಲೀಬಿಗ್‌ರವರು 1803ರ ಮೇ 12ರಂದು ಜರ್ಮನಿಯ ಡಾರ್ಮ್‌ಸ್ಟಾಟ್ ಪಟ್ಟಣದಲ್ಲಿ ಜನಿಸಿದರು. ತಂದೆ ಬಣ್ಣ, ವಾರ್ನಿಷ್ ಹಾಗೂ ರಾಸಾಯನಿಕ ವಸ್ತುಗಳ ವ್ಯಾಪಾರಿ. ಅಂಗಡಿಗೆ ಬೇಕಾದ ಹಲವು ವಸ್ತುಗಳನ್ನು ಅವರು ಮನೆಯಲ್ಲಿಯೇ ತಯಾರಿಸುತ್ತಿದ್ದುದರಿಂದ ಬಾಲಕ ಲೀಬಿಗ್ ಪಾಠಶಾಲೆಗಿಂತ ಮೊದಲೇ ರಸಾಯನಶಾಸ್ತ್ರವನ್ನು ಕಣ್ಣಾರೆ ಕಂಡರು. ಶಾಲೆಯ ಪಾಠಗಳಲ್ಲಿ ಅವರು ಹಿಂದುಳಿದಿದ್ದರು. ಔಷಧ ವ್ಯಾಪಾರಿಯೊಬ್ಬರ ಬಳಿ ಕೆಲಸ ಕಲಿಯಲು ಸೇರಿಸಲಾಯಿತಾದರೂ ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಅಟ್ಟದ ಮೇಲೆ ಸ್ಫೋಟಕ ತಯಾರಿಸಲು ಹೋಗಿ ಛಾವಣಿಗೆ ಹಾನಿ ಮಾಡಿದ್ದರಿಂದ ಮನೆಗೆ ಕಳುಹಿಸಲಾಯಿತೆಂಬ ಕಥೆ ಪ್ರಸಿದ್ಧವಾಗಿದೆ. ತಂದೆಗೆ ತರಬೇತಿಯ ಶುಲ್ಕ ಕಟ್ಟಲು ಆಗದಿದ್ದುದೇ ನಿಜವಾದ ಕಾರಣವಿರಬಹುದೆಂದು ಚರಿತ್ರಕಾರರು ಅಭಿಪ್ರಾಯಪಡುತ್ತಾರೆ.

ಅವರ 13ನೇ ವಯಸ್ಸಿನಲ್ಲಿ, ಅಂದರೆ 1816ರಲ್ಲಿ, ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರಿಂದ ವಾಯುಮಂಡಲದ ಮೇಲ್ಪದರ ಸೇರಿದ ಕಣಗಳು ಬಿಸಿಲನ್ನು ತಡೆದಿದ್ದವು. ಪೈರು ಕಾಳು ಕಟ್ಟಲಿಲ್ಲ, ಧಾನ್ಯದ ಬೆಲೆ ಏರಿತು, ಜರ್ಮನಿಯ ಹಲವು ಪ್ರಾಂತಗಳಲ್ಲಿ ಜನರು ಹಸಿವಿನಿಂದ ನರಳಿದರು. ಮುಂದೆ ಲೀಬಿಗ್‌ರವರು ಪ್ರಯೋಗಾಲಯದಿಂದ ಹೊಲದ ಕಡೆಗೆ ಮುಖ ಮಾಡಿದುದಕ್ಕೆ ಬಾಲ್ಯದಲ್ಲಿ ಕಂಡ ಈ ಕ್ಷಾಮವೂ ಒಂದು ಕಾರಣವೆಂದು ಹೇಳಲಾಗುತ್ತದೆ.

1820ರಲ್ಲಿ ಬಾನ್ ವಿಶ್ವವಿದ್ಯಾನಿಲಯವನ್ನು ಸೇರಿದ ಅವರು ತಮ್ಮ ಗುರು ಕಾಸ್ಟ್ನರ್‌ರವರೊಂದಿಗೆ ಎರ್ಲಾಂಗನ್‌ಗೆ ತೆರಳಿದರು. ವಿದ್ಯಾರ್ಥಿ ಚಳವಳಿಯಲ್ಲಿ ಸಿಲುಕಿ ಆ ಊರನ್ನು ಬಿಡಬೇಕಾಯಿತು. ಹೆಸ್ಸೆ ಸಂಸ್ಥಾನದ ಅರಸರು ನೀಡಿದ ಸಹಾಯಧನದಿಂದ 1822ರಲ್ಲಿ ಪ್ಯಾರಿಸ್‌ಗೆ ಹೋದರು. ಅಲ್ಲಿ ಖ್ಯಾತ ವಿಜ್ಞಾನಿ ಅಲೆಕ್ಸಾಂಡರ್ ವಾನ್ ಹಂಬೋಲ್ಟ್‌ರವರ ನೆರವಿನಿಂದ ಗೇ-ಲುಸಾಕ್‌ರವರ ಖಾಸಗಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಕಾಶ ದೊರೆಯಿತು. ತೂಕ ಮಾಡದೆ ಏನನ್ನೂ ಹೇಳಬಾರದೆಂಬ ಶಿಸ್ತನ್ನು ಅವರು ಕಲಿತದ್ದು ಇಲ್ಲಿ.

ಗೀಸೆನ್ ಪ್ರಯೋಗಾಲಯ

1824ರಲ್ಲಿ, ಕೇವಲ 21ನೇ ವಯಸ್ಸಿನಲ್ಲಿ, ಹಂಬೋಲ್ಟ್‌ರವರ ಶಿಫಾರಸಿನ ಮೇರೆಗೆ ಲೀಬಿಗ್‌ರವರು ಗೀಸೆನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಅವರಿಗೆ ದೊರೆತದ್ದು ಸೈನಿಕರು ಬಿಟ್ಟುಹೋದ ಕಾವಲು ಕಟ್ಟಡ. ಅನುದಾನ ಸಾಲದಿದ್ದುದರಿಂದ ಸ್ವಂತ ಹಣವನ್ನೂ ಹಾಕಬೇಕಾಯಿತು. ಆದರೂ ವಿದ್ಯಾರ್ಥಿಗಳು ಕೇವಲ ಉಪನ್ಯಾಸ ಕೇಳದೆ ತಮ್ಮ ಕೈಯಿಂದಲೇ ವಿಶ್ಲೇಷಣೆ ಮಾಡಿ ಕಲಿಯುವ ಪದ್ಧತಿ ಇಲ್ಲಿ ನೆಲೆಗೊಂಡು, ಮುಂದೆ ಜಗತ್ತಿನ ವಿಶ್ವವಿದ್ಯಾನಿಲಯಗಳಿಗೆ ಹರಡಿತು. 1826ರಲ್ಲಿ ಹೆನ್ರಿಯೆಟ್ ಮೋಲ್ಡನ್‌ಹಾವರ್‌ರವರನ್ನು ವಿವಾಹವಾದರು. ದಂಪತಿಗಳಿಗೆ ಐವರು ಮಕ್ಕಳು.

1831ರಲ್ಲಿ ಲೀಬಿಗ್‌ರವರು ಐದು ಗಾಜಿನ ಬುಡ್ಡಿಗಳುಳ್ಳ ಒಂದು ಸಣ್ಣ ಉಪಕರಣವನ್ನು ರೂಪಿಸಿದರು. ಸಸ್ಯ ಅಥವಾ ಪ್ರಾಣಿಜನ್ಯ ವಸ್ತುವನ್ನು ಸುಟ್ಟಾಗ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಬುಡ್ಡಿಗಳಲ್ಲಿನ ಕ್ಷಾರ ದ್ರಾವಣ ಹೀರಿಕೊಳ್ಳುತ್ತದೆ. ಸುಡುವ ಮೊದಲು ಮತ್ತು ಸುಟ್ಟ ನಂತರ ಉಪಕರಣವನ್ನು ತೂಗಿದರೆ ವಸ್ತುವಿನಲ್ಲಿ ಎಷ್ಟು ಇಂಗಾಲವಿತ್ತೆಂದು ತಿಳಿಯುತ್ತದೆ. ದೀರ್ಘ ಸಮಯ ಹಾಗೂ ಅಪಾರ ಕೌಶಲ್ಯ ಬೇಡುತ್ತಿದ್ದ ಕೆಲಸವನ್ನು ಇದರಿಂದ ಸಾಮಾನ್ಯ ವಿದ್ಯಾರ್ಥಿಯೂ ಮಾಡುವಂತಾಯಿತು. ಒಣಹುಲ್ಲು, ಕಾಳು, ಗೊಬ್ಬರ, ಬೂದಿ, ಹೀಗೆ ಎಲ್ಲವೂ ಗೀಸೆನ್‌ನ ತಕ್ಕಡಿಗೆ ಬಂದವು. ಸಹೋದ್ಯೋಗಿ ಹಾಗೂ ಆಜೀವ ಮಿತ್ರ ವೋಲರ್‌ರವರೊಂದಿಗೆ ನಡೆಸಿದ ಸಂಶೋಧನೆಗಳು ಸಾವಯವ ರಸಾಯನಶಾಸ್ತ್ರಕ್ಕೆ ಬುನಾದಿ ಹಾಕಿದವು. ಅವುಗಳ ವಿವರ ಈ ಪುಟದ ವ್ಯಾಪ್ತಿಗೆ ಸೇರಿಲ್ಲ.

1840ರ ಗ್ರಂಥ

ಅಂದಿನ ಕೃಷಿ ಪಂಡಿತರಲ್ಲಿ ಬಹುತೇಕರು, ಮಣ್ಣಿನಲ್ಲಿ ಕೊಳೆತ ಕಪ್ಪು ಸಾರವೇ ಗಿಡದ ಆಹಾರವೆಂದೂ ಗಿಡ ಅದನ್ನು ನೇರವಾಗಿ ಬೇರಿನಿಂದ ಉಣ್ಣುತ್ತದೆಂದೂ ನಂಬಿದ್ದರು. 1840ರಲ್ಲಿ ಪ್ರಕಟವಾದ, ಕೃಷಿಗೆ ರಸಾಯನಶಾಸ್ತ್ರದ ಅನ್ವಯವನ್ನು ಕುರಿತ ಗ್ರಂಥದಲ್ಲಿ ಲೀಬಿಗ್‌ರವರು ಈ ನಂಬಿಕೆಯನ್ನು ತೀವ್ರವಾಗಿ ಖಂಡಿಸಿದರು. ಗಿಡಕ್ಕೆ ಇಂಗಾಲ ಬರುವುದು ಗಾಳಿಯಿಂದ. ರಂಜಕ, ಪೊಟ್ಯಾಷ್, ಸುಣ್ಣ, ಮೆಗ್ನೀಷಿಯಂ ಮುಂತಾದ ಖನಿಜಗಳು ಬರುವುದು ಮಣ್ಣಿನಿಂದ. ಗಿಡವನ್ನು ಸುಟ್ಟಾಗ ಉಳಿಯುವ ಬೂದಿಯು ಅದು ಮಣ್ಣಿನಿಂದ ಪಡೆದ ಖನಿಜಗಳ ಲೆಕ್ಕಪಟ್ಟಿ ಎಂಬುದು ಅವರ ವಾದದ ಸಾರ. ಗ್ರಂಥವು ಅದೇ ವರ್ಷ ಇಂಗ್ಲಿಷ್‌ಗೆ ಅನುವಾದಗೊಂಡು ಯೂರೋಪ್ ಮತ್ತು ಅಮೆರಿಕಗಳಲ್ಲಿ ಹರಡಿತು.

ಇದರಿಂದ ಲೀಬಿಗ್‌ರವರು ಕೃಷಿಗೆ ಒಂದು ಜಮಾ-ಖರ್ಚಿನ ಪುಸ್ತಕವನ್ನು ಕೊಟ್ಟಂತಾಯಿತು. ಪ್ರತಿ ಕೊಯ್ಲಿನಲ್ಲಿ ಹೊಲದಿಂದ ಹೊರಹೋದುದು ಖರ್ಚು. ಗೊಬ್ಬರದ ರೂಪದಲ್ಲಿ ಹಿಂದಿರುಗಿದುದು ಜಮಾ. ಜಮಾ ಇಲ್ಲದೆ ಖರ್ಚೇ ನಡೆದರೆ ಆ ಬೇಸಾಯವು ಮುಂದಿನ ಪೀಳಿಗೆಯ ಆಸ್ತಿಯನ್ನು ಕೊಳ್ಳೆ ಹೊಡೆದಂತೆ ಎಂದು ಅವರು ಜೀವನದ ಕೊನೆಯವರೆಗೂ ಎಚ್ಚರಿಸಿದರು. ನಗರಗಳ ಮಲಮೂತ್ರವನ್ನು ನದಿಗೆ ಬಿಟ್ಟು, ಬೇರೆ ದೇಶಗಳಿಂದ ಮೂಳೆ ಹಾಗೂ ಹಕ್ಕಿಯ ಹಿಕ್ಕೆಯ ಗೊಬ್ಬರ ತರಿಸುತ್ತಿದ್ದ ಬ್ರಿಟನ್ನಿನ ಮೇಲೆ ಅವರ ಟೀಕೆ ಬಹಳ ಕಟುವಾಗಿತ್ತು.

ಕನಿಷ್ಠ ನಿಯಮ

ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅಗತ್ಯಕ್ಕೆ ಹೋಲಿಸಿದಾಗ ಅತಿ ಕಡಿಮೆ ಇರುವ ಪೋಷಕಾಂಶ. ಆ ಒಂದರ ಕೊರತೆ ನೀಗುವವರೆಗೆ ಉಳಿದವನ್ನು ಎಷ್ಟು ಹಾಕಿದರೂ ಇಳುವರಿ ಏರುವುದಿಲ್ಲ. ಇದನ್ನು ಕನಿಷ್ಠ ನಿಯಮವೆಂದು ಕರೆಯಲಾಗುತ್ತದೆ. ಎತ್ತರ ಒಂದೇ ಸಮನಾಗಿಲ್ಲದ ಹಲಗೆಗಳ ಪೀಪಾಯಿಯಲ್ಲಿ ನೀರು ಅತಿ ಗಿಡ್ಡ ಹಲಗೆಯ ಮಟ್ಟಕ್ಕೆ ಮಾತ್ರ ನಿಲ್ಲುವ ಚಿತ್ರವನ್ನು ಅನೇಕರು ಕಂಡಿರಬಹುದು. ಆ ಚಿತ್ರ ಲೀಬಿಗ್‌ರವರದಲ್ಲ, ನಂತರದವರು ರಚಿಸಿದ್ದು.

ನಿಯಮವನ್ನು ಮೊದಲು ಹೇಳಿದವರೂ ಅವರಲ್ಲ. ಕಾರ್ಲ್ ಸ್ಪ್ರೆಂಗೆಲ್ ಎಂಬ ಜರ್ಮನ್ ಕೃಷಿ ವಿಜ್ಞಾನಿಯು 1828ರಷ್ಟು ಮೊದಲೇ ಇದೇ ಅರ್ಥದ ವಿಚಾರವನ್ನು ಪ್ರಕಟಿಸಿದ್ದರು. ಲೀಬಿಗ್‌ರವರು 1855ರಲ್ಲಿ ಕೃಷಿ ರಸಾಯನದ ತತ್ತ್ವಗಳನ್ನು 50 ಸೂತ್ರಗಳಾಗಿ ಬರೆದು ಅದನ್ನು ಜನಪ್ರಿಯಗೊಳಿಸಿದರು. ಹೆಸರೆಲ್ಲವೂ ಅವರಿಗೇ ಸಂದಿತು. ಇನ್ನೊಬ್ಬರ ಕೆಲಸವನ್ನು ಮುಕ್ತವಾಗಿ ಒಪ್ಪಿಕೊಳ್ಳುವ ಗುಣ ಅವರಲ್ಲಿ ಕಡಿಮೆ ಇತ್ತೆಂಬುದನ್ನು ಹೇಳಲೇಬೇಕಾಗುತ್ತದೆ. ಈಗ ಜರ್ಮನಿಯ ಕೃಷಿ ಸಂಶೋಧನಾ ಸಂಸ್ಥೆಗಳ ಒಕ್ಕೂಟವು ನೀಡುವ ಪದಕಕ್ಕೆ ಇಬ್ಬರ ಹೆಸರನ್ನೂ ಇಡಲಾಗಿದೆ.

ಸಾರಜನಕದ ವಿವಾದ

ಗಿಡಕ್ಕೆ ಸಾರಜನಕ ಅತ್ಯಗತ್ಯವೆಂಬುದು ಲೀಬಿಗ್‌ರವರಿಗೆ ತಿಳಿದಿತ್ತು. ಅದು ಎಲ್ಲಿಂದ ಬರುತ್ತದೆ ಎಂಬಲ್ಲಿ ಅವರ ಲೆಕ್ಕ ತಪ್ಪಿತು. ಗಾಳಿಯಲ್ಲಿರುವ ಅಮೋನಿಯಾ ಮಳೆಯ ನೀರಿನಲ್ಲಿ ಕರಗಿ ನೆಲಕ್ಕೆ ಬರುತ್ತದೆ, ಬೆಳೆಗೆ ಅಷ್ಟೇ ಸಾಕು, ರೈತನು ಕೇವಲ ಖನಿಜಗಳನ್ನು ಒದಗಿಸಿದರಾಯಿತು ಎಂಬ ನಿಲುವಿಗೆ ಅವರು 1843ರ ವೇಳೆಗೆ ಬಂದಿದ್ದರು.

ಅದೇ 1843ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಜಾನ್ ಲಾಸ್‌ರವರು ತಮ್ಮ ಜಮೀನಿನಲ್ಲಿ ಗೋಧಿಯ ಪ್ರಯೋಗ ಆರಂಭಿಸಿದರು. ಅವರಿಗೆ ಜೊತೆಯಾದ ಹೆನ್ರಿ ಗಿಲ್ಬರ್ಟ್‌ರವರು ಗೀಸೆನ್‌ನಲ್ಲಿ ಲೀಬಿಗ್‌ರವರ ಶಿಷ್ಯರಾಗಿದ್ದವರು. ಒಂದು ತಾಕಿಗೆ ಖನಿಜ ಲವಣ ಮಾತ್ರ, ಇನ್ನೊಂದಕ್ಕೆ ಅಮೋನಿಯಂ ಲವಣ, ಮತ್ತೊಂದಕ್ಕೆ ಎರಡೂ, ಒಂದಕ್ಕೆ ಏನೂ ಇಲ್ಲ. ಹೀಗೆ ವರ್ಷದಿಂದ ವರ್ಷಕ್ಕೆ ಇಳುವರಿಯನ್ನು ತೂಗಲಾಯಿತು. ಖನಿಜ ಮಾತ್ರ ಹಾಕಿದ ತಾಕಿನಲ್ಲಿ ಇಳುವರಿ ಅಷ್ಟೇನೂ ಏರಲಿಲ್ಲ. ಅಮೋನಿಯಂ ಲವಣ ಸೇರಿದ ಕಡೆ ಗೋಧಿ ಎದ್ದು ನಿಂತಿತು. ಮಳೆಯ ನೀರನ್ನು ಹಿಡಿದು ಅಳೆದಾಗ ಅದರಲ್ಲಿ ಎಕರೆಗೆ ವರ್ಷಕ್ಕೆ ಕೆಲವೇ ಪೌಂಡು ಸಾರಜನಕ ಸಿಕ್ಕಿತು. ಗುರು ಒಪ್ಪಲಿಲ್ಲ. ಲೇಖನಗಳಲ್ಲಿ, ಪತ್ರಗಳಲ್ಲಿ, ಗ್ರಂಥದ ಹೊಸ ಆವೃತ್ತಿಗಳಲ್ಲಿ ವಾಗ್ವಾದ ವರ್ಷಗಟ್ಟಲೆ ನಡೆಯಿತು. ಕನಿಷ್ಠ ನಿಯಮವನ್ನು ಸಾರಿದವರೇ, ರಾಥಮ್‌ಸ್ಟೆಡ್‌ನ ಹೊಲದಲ್ಲಿ ಕನಿಷ್ಠವಾಗಿದ್ದುದು ಸಾರಜನಕವೆಂಬುದನ್ನು ಕಾಣದೆ ಹೋದರು. ಆ ಪ್ರಯೋಗದ ತಾಕುಗಳು ಬ್ರಾಡ್‌ಬಾಕ್ ಎಂಬ ಹೆಸರಿನಲ್ಲಿ ಇಂದಿಗೂ ಮುಂದುವರಿದಿವೆ.

ಇನ್ನೊಂದು ನಷ್ಟವೂ ಆಯಿತು. ಲಿವರ್‌ಪೂಲ್‌ನ ಉದ್ಯಮಿ ಮಸ್‌ಪ್ರಾಟ್‌ರವರ ಸಹಯೋಗದಲ್ಲಿ ಲೀಬಿಗ್‌ರವರ ಪೇಟೆಂಟ್ ಗೊಬ್ಬರವು 1845ರಲ್ಲಿ ಮಾರುಕಟ್ಟೆಗೆ ಬಂದಿತು. ಲವಣಗಳು ಮಳೆಗೆ ಕೊಚ್ಚಿಹೋಗಬಾರದೆಂದು ಪೊಟ್ಯಾಷ್ ಮುಂತಾದವನ್ನು ಸುಣ್ಣದೊಂದಿಗೆ ಕರಗಿಸಿ ಗಟ್ಟಿಗೊಳಿಸಲಾಗಿತ್ತು. ಲವಣಗಳು ಕೊಚ್ಚಿಹೋಗಲಿಲ್ಲ. ಆದರೆ ಬೇರಿಗೂ ಸಿಗಲಿಲ್ಲ. ಹಣ ಕೊಟ್ಟು ಕೊಂಡ ರೈತರು ಫಲ ಕಾಣಲಿಲ್ಲ, ಗೊಬ್ಬರದ ವ್ಯಾಪಾರ ನಿಂತಿತು. ಲೀಬಿಗ್‌ರವರು ಗೀಸೆನ್‌ನ ಹೊರವಲಯದಲ್ಲಿ ಬರಡು ಜಮೀನೊಂದನ್ನು ಕೊಂಡು ತಾವೇ ಪ್ರಯೋಗ ಮಾಡಿ ನೋಡಿದರು. ಮಣ್ಣಿನ ಕಣಗಳೇ ಪೊಟ್ಯಾಷ್ ಹಾಗೂ ಅಮೋನಿಯಾವನ್ನು ಹಿಡಿದಿಟ್ಟುಕೊಳ್ಳುತ್ತವೆ, ಆದ್ದರಿಂದ ಅವನ್ನು ಕರಗದಂತೆ ಮಾಡುವ ಅಗತ್ಯವೇ ಇರಲಿಲ್ಲ ಎಂಬುದು 1850ರ ಸುಮಾರಿಗೆ ಇಂಗ್ಲೆಂಡಿನ ತಾಮಸ್ ವೇ ಎಂಬುವರ ಪ್ರಯೋಗಗಳಿಂದ ಸ್ಪಷ್ಟವಾಯಿತು. 1862ರಲ್ಲಿ ತಮ್ಮ ಗ್ರಂಥದ 7ನೇ ಆವೃತ್ತಿಯಲ್ಲಿ ಲೀಬಿಗ್‌ರವರು ಗೊಬ್ಬರದ ವಿಷಯದಲ್ಲಿ ತಾವು ತಪ್ಪಿದ್ದಾಗಿ ಒಪ್ಪಿಕೊಂಡರು. ತಮ್ಮ ಖ್ಯಾತಿ ಶಿಖರದಲ್ಲಿದ್ದಾಗ, 59ನೇ ವಯಸ್ಸಿನಲ್ಲಿ ಅಚ್ಚಿನಲ್ಲಿ ಹೀಗೆ ಒಪ್ಪಿಕೊಂಡದ್ದು ಸಣ್ಣ ವಿಷಯವಲ್ಲ.

ಕೊನೆಯ ವರ್ಷಗಳು

1845ರಲ್ಲಿ ಅವರಿಗೆ ಬ್ಯಾರನ್ ಪದವಿ ನೀಡಿ ಗೌರವಿಸಲಾಯಿತು. 1852ರಲ್ಲಿ ಬವೇರಿಯಾದ ದೊರೆ ಎರಡನೇ ಮ್ಯಾಕ್ಸಿಮಿಲಿಯನ್‌ರವರ ಆಹ್ವಾನದ ಮೇರೆಗೆ ಮ್ಯೂನಿಕ್‌ಗೆ ತೆರಳಿದರು. ಮಾಂಸದ ಸಾರ, ಶಿಶು ಆಹಾರ, ಬೆಳ್ಳಿಯ ಲೇಪನದ ಕನ್ನಡಿ ಮುಂತಾದ ಹಲವು ವಸ್ತುಗಳ ತಯಾರಿಕೆಗೂ ಅವರ ಹೆಸರು ಸೇರಿಕೊಂಡಿದೆ. 1873ರ ಏಪ್ರಿಲ್ 18ರಂದು ಮ್ಯೂನಿಕ್‌ನಲ್ಲಿ ನಿಧನರಾದರು. ಗೀಸೆನ್ ವಿಶ್ವವಿದ್ಯಾನಿಲಯವು ಇಂದು ಅವರ ಹೆಸರನ್ನು ಹೊಂದಿದೆ. ಅವರ ಹಳೆಯ ಪ್ರಯೋಗಾಲಯವನ್ನು 1920ರಲ್ಲಿ ವಸ್ತು ಸಂಗ್ರಹಾಲಯವಾಗಿ ತೆರೆಯಲಾಯಿತು.

ಬೇಸಾಯದ ಸುಧಾರಣೆಗೆ ಮೊದಲು ಒಬ್ಬ ರಸಾಯನ ತಜ್ಞ ಬೇಕು ಎಂಬ ವಿಚಾರ ಲೀಬಿಗ್‌ರವರ ಕಾಲದಿಂದ ಬೇರೂರಿತು. ಮೈಸೂರು ಸಂಸ್ಥಾನದಲ್ಲಿಯೂ 1899ರಲ್ಲಿ ಹೆಬ್ಬಾಳದಲ್ಲಿ ಕೃಷಿ ಸಂಶೋಧನೆಯು ಆರಂಭವಾದುದು ರಸಾಯನ ತಜ್ಞ ಡಾ. ಲೇಮನ್‌ರವರ ನೇತೃತ್ವದಲ್ಲಿಯೇ.

ಲೀಬಿಗ್‌ರವರ ನಂತರ: ಸಣ್ಣ ಹಲಗೆಗಳು

ಲೀಬಿಗ್‌ರವರ ತಕ್ಕಡಿ ಎಷ್ಟೇ ಸೂಕ್ಷ್ಮವಾಗಿದ್ದರೂ ಬೂದಿಯಲ್ಲಿ ಅತ್ಯಲ್ಪವಾಗಿರುವ ಸತು, ಬೋರಾನ್, ಮಾಲಿಬ್ಡಿನಂಗಳ ಮಹತ್ವ ಅವರ ಕಾಲದಲ್ಲಿ ತಿಳಿದಿರಲಿಲ್ಲ. ಅವರ ಸಮಕಾಲೀನರಾದ ಫ್ರಾನ್ಸಿನ ಯೂಸೆಬ್ ಗ್ರಿಸ್‌ರವರು ಹಳದಿಯಾದ ಎಲೆಗೆ ಕಬ್ಬಿಣದ ಲವಣ ಸವರಿ ಹಸಿರು ಮರಳುವುದನ್ನು ತೋರಿಸಿದ್ದರು. 1914ರ ಸುಮಾರಿಗೆ ಫ್ರಾನ್ಸಿನವರೇ ಆದ ಪಿಯರ್ ಮಾಝೆಯವರು ಮುಸುಕಿನ ಜೋಳವನ್ನು ಮಣ್ಣಿಲ್ಲದೆ ಪೋಷಕ ದ್ರಾವಣದಲ್ಲಿ ಬೆಳೆಸಿ, ಸತು ಇಲ್ಲದಿದ್ದರೆ ಗಿಡ ಬೆಳೆಯದೆಂದು ಕಂಡರು. 1923ರಲ್ಲಿ ಕ್ಯಾಥರೀನ್ ವಾರಿಂಗ್ಟನ್‌ರವರು ಬೋರಾನ್ ಅಗತ್ಯವೆಂದು ತೋರಿಸಿದರು; ಅದೂ ರಾಥಮ್‌ಸ್ಟೆಡ್‌ನಲ್ಲಿಯೇ. 1939ರಲ್ಲಿ ಮಾಲಿಬ್ಡಿನಂ ಸಹ ಈ ಪಟ್ಟಿಗೆ ಸೇರಿತು. ಭಾರತದಲ್ಲಿ ಭತ್ತಕ್ಕೆ ಬರುತ್ತಿದ್ದ ಖೈರಾ ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ಪಂತನಗರದ ಡಾ. ನೆನೆಯವರು 1966ರಲ್ಲಿ ಪ್ರಕಟಿಸಿದರು.

ಇನ್ನೊಂದೆಡೆ ಹೇಬರ್‌ರವರ ವಿಧಾನದಿಂದ ಗಾಳಿಯ ಸಾರಜನಕವನ್ನು ಅಮೋನಿಯಾ ಮಾಡುವ ಕಾರ್ಖಾನೆ 1913ರಲ್ಲಿ ಜರ್ಮನಿಯಲ್ಲಿ ಆರಂಭವಾಯಿತು. ರಾಥಮ್‌ಸ್ಟೆಡ್‌ನಲ್ಲಿ ಗಿಡ್ಡ ಹಲಗೆಯಾಗಿದ್ದ ಸಾರಜನಕವು ಕಾಲಾನಂತರ ಅನೇಕ ಹೊಲಗಳಲ್ಲಿ ಎಲ್ಲಕ್ಕಿಂತ ಎತ್ತರದ ಹಲಗೆಯಾಯಿತು.

ಮುಸುಕಿನ ಜೋಳದಲ್ಲಿ ಇದರ ಪರಿಣಾಮ ಕಣ್ಣಿಗೆ ಕಾಣುವಂತಹುದು. ಬೇರು ಹೀರಿದ ನೈಟ್ರೇಟ್ ನೇರವಾಗಿ ಕಾಳಿನ ಸಸಾರಜನಕವಾಗುವುದಿಲ್ಲ. ಮೊದಲು ಅದನ್ನು ಅಪಕರ್ಷಿಸುವ ಕಿಣ್ವಕ್ಕೆ ಮಾಲಿಬ್ಡಿನಂ ಮತ್ತು ಕಬ್ಬಿಣ ಬೇಕು. ನಂತರ ಅಮೈನೋ ಆಮ್ಲಗಳು ಸೇರಿ ಸಸಾರಜನಕವಾಗುವ ಹಂತದಲ್ಲಿ ಸತು ಬೇಕು. ಸತು ಸಾಲದಿದ್ದರೆ ಹೀರಿದ ಸಾರಜನಕವು ಅರ್ಧ ದಾರಿಯಲ್ಲಿ ನಿಲ್ಲುತ್ತದೆ, ಗೆಣ್ಣುಗಳು ಗಿಡ್ಡವಾಗುತ್ತವೆ, ಬೇರು ಹರಡುವುದಿಲ್ಲ. ಬೋರಾನ್ ಸಾಲದಿದ್ದರೆ ಪರಾಗ ಸರಿಯಾಗಿ ಮೊಳೆಯದೆ ತೆನೆಯಲ್ಲಿ ಕಾಳು ಜೊಳ್ಳಾಗಿ, ಎಲೆಯಲ್ಲಿ ಸಂಗ್ರಹವಾದ ಸಾರಜನಕಕ್ಕೆ ಹೋಗುವ ಜಾಗವೇ ಇಲ್ಲದಂತಾಗುತ್ತದೆ. ಗಿಡ ಬಳಸದೆ ಉಳಿದ ಸಾರಜನಕ ನೈಟ್ರೇಟ್ ಆಗಿ ಅಂತರ್ಜಲ ಸೇರುತ್ತದೆ ಅಥವಾ ಅನಿಲವಾಗಿ ಹಾರಿಹೋಗುತ್ತದೆ. ಜಗತ್ತಿನ ಏಕದಳ ಧಾನ್ಯಗಳಿಗೆ ಹಾಕಿದ ಸಾರಜನಕದಲ್ಲಿ ಕಾಳಿಗೆ ಸೇರುವುದು ಸುಮಾರು ಶೇ. 33 ಮಾತ್ರವೆಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತ್ತು. ಈ ನಷ್ಟಕ್ಕೆ ಕಾರಣಗಳು ಹಲವು. ಲಘು ಪೋಷಕಾಂಶಗಳ ಕೊರತೆ ಅವುಗಳಲ್ಲಿ ಒಂದು.

ಎಲೆ ಹಳದಿಯಾದುದನ್ನು ಕಂಡ ಕೂಡಲೇ ಯೂರಿಯಾ ಎರಚುವುದು ರೂಢಿಯಾಗಿದೆ. ಯೂರಿಯಾ ಅಗ್ಗವಾಗಿ ದೊರೆಯುವುದೂ, ಹಸಿರು ಕ್ರಾಂತಿಯ ದಶಕಗಳಲ್ಲಿ ಪ್ರಚಾರವು ಮೂರು ಮುಖ್ಯ ಪೋಷಕಾಂಶಗಳಿಗೇ ಒತ್ತು ಕೊಟ್ಟಿದ್ದೂ ಇದಕ್ಕೆ ಕಾರಣ, ರೈತರೊಬ್ಬರನ್ನೇ ದೂರುವಂತಿಲ್ಲ. ಸಾರಜನಕದ ಕೊರತೆಯಾದರೆ ಕೆಳಗಿನ ಹಳೆಯ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತವೆ. ಸತುವಿನ ಕೊರತೆಯಾದರೆ ಸುಳಿಯ ಎಳೆಯ ಎಲೆಗಳಲ್ಲಿ ನಡುನರದ ಎರಡೂ ಬದಿಗೆ ಬಿಳಿಚಿದ ಅಗಲ ಪಟ್ಟೆಗಳು ಮೂಡುತ್ತವೆ. ಎರಡನೆಯದಕ್ಕೆ ಯೂರಿಯಾ ಮದ್ದಲ್ಲ. ರಂಜಕದ ಗೊಬ್ಬರವನ್ನು ಅತಿಯಾಗಿ ಬಳಸಿದ ಭೂಮಿಯಲ್ಲಿ ಹಾಗೂ ಸುಣ್ಣದ ಅಂಶ ಹೆಚ್ಚಿರುವ ಕ್ಷಾರ ಮಣ್ಣಿನಲ್ಲಿ ಈ ಕೊರತೆ ಇನ್ನಷ್ಟು ತೀವ್ರವಾಗುತ್ತದೆ. ಹಾಗೆಂದು ಸಾರಜನಕವಿಲ್ಲದ ಭೂಮಿಗೆ ಸತು ಸುರಿದರೂ ಪ್ರಯೋಜನವಿಲ್ಲ. ರಾಥಮ್‌ಸ್ಟೆಡ್‌ನ ಖನಿಜ ತಾಕಿನ ಗತಿಯೇ ಆಗುತ್ತದೆ. ಎರಡೂ ಕೊರತೆ ಇರುವ ಕಡೆ ಎರಡನ್ನೂ ಒಟ್ಟಿಗೆ ನೀಡಿದಾಗ ದೊರೆಯುವ ಹೆಚ್ಚಳವು, ಬೇರೆ ಬೇರೆಯಾಗಿ ನೀಡಿದಾಗಿನ ಹೆಚ್ಚಳಗಳ ಮೊತ್ತವನ್ನೂ ಮೀರಬಹುದು. ಪೀಪಾಯಿಯ ಚಿತ್ರದಲ್ಲಿ ಈ ಅಂಶ ಕಾಣುವುದಿಲ್ಲ.

ಕರ್ನಾಟಕದಲ್ಲಿ 2009ರಲ್ಲಿ ಇಕ್ರಿಸ್ಯಾಟ್ ಸಂಸ್ಥೆಯ ಸಹಯೋಗದಲ್ಲಿ ಆರಂಭವಾದ ಭೂಚೇತನ ಯೋಜನೆಯಡಿ ಮಣ್ಣಿನ ಮಾದರಿಗಳನ್ನು ವಿಶ್ಲೇಷಿಸಿದಾಗ ಮಳೆಯಾಶ್ರಿತ ಜಮೀನುಗಳಲ್ಲಿ ಸತು, ಬೋರಾನ್ ಹಾಗೂ ಗಂಧಕದ ಕೊರತೆ ವ್ಯಾಪಕವಾಗಿರುವುದು ಕಂಡುಬಂದಿತು. 2015ರಲ್ಲಿ ದೇಶದಾದ್ಯಂತ ಜಾರಿಗೆ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಪೈಕಿ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಹಾಗೂ ಬೋರಾನ್‌ಗಳನ್ನು ಸೇರಿಸಲಾಗಿದೆ. ಮಣ್ಣಿನಲ್ಲಿ ಬೆಳೆಗೆ ಲಭ್ಯವಿರುವ ಸತು 10 ಲಕ್ಷ ಭಾಗಕ್ಕೆ 0.6 ಭಾಗಕ್ಕಿಂತ ಕಡಿಮೆ ಇದ್ದಲ್ಲಿ ಸಾಮಾನ್ಯವಾಗಿ ಕೊರತೆ ಎಂದು ಪರಿಗಣಿಸಲಾಗುತ್ತದೆ. ಕೊರತೆ ಇಲ್ಲದ ಜಮೀನಿಗೆ ಸತು ಅಥವಾ ಬೋರಾನ್ ಹಾಕುವುದು ಅನಗತ್ಯ ವೆಚ್ಚ. ಬೋರಾನ್ ಅತಿಯಾದರೆ ಬೆಳೆಗೆ ವಿಷವಾಗುತ್ತದೆ. ಸತುವಿನ ಸಲ್ಫೇಟನ್ನು ರಂಜಕದ ಗೊಬ್ಬರದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ, ಕೊಟ್ಟಿಗೆ ಗೊಬ್ಬರದೊಂದಿಗೆ ಸೇರಿಸಿ ಭೂಮಿಗೆ ನೀಡುವುದು ಸೂಕ್ತ.

ಮುಸುಕಿನ ಜೋಳ ಬಿತ್ತನೆಗೆ ಮುನ್ನ ಮಣ್ಣು ಪರೀಕ್ಷೆ ಮಾಡಿಸಲು ಇಚ್ಛಿಸುವ ರೈತ ಬಾಂಧವರು ಮಾದರಿಯನ್ನು ತೆಗೆಯುವ ವಿಧಾನ ಹಾಗೂ ತಮ್ಮ ಜಮೀನಿಗೆ ಅನ್ವಯಿಸುವ ಪ್ರಮಾಣದ ಬಗ್ಗೆ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದಾಗಿದೆ.